ಮೇ ತಿಂಗಳಿನ ಹೀಟರ್

ಪುಣೆಯ ಮೇ ತಿಂಗಳಲ್ಲಿ, ಮಟಮಟ ಮಧ್ಯಾಹ್ನ, ಟ್ರಾಫಿಕ್ಕಿನ ನಟ್ಟನಡುವೆ ಹೀಟರ್ ಹಚ್ಚಿಕೊಂಡು ಕೂತ ಕುಟುಂಬ ನಮ್ಮದೊಂದೇ ಇದ್ದಿರಬೇಕು. ನಮಗೇನೂ ಹುಚ್ಚು ಹಿಡಿದಿರಲಿಲ್ಲ. ಅಪ್ಪನ ಕಾರು ವಿಲಾಯತಿಯದು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಕ್ಯಾಂಪ್ ಬಡಾವಣೆಯ ಒಬ್ಬ ಪಾರ್ಸಿ ಮುದುಕರು ಜೋಪಾನ ಮಾಡಿಕೊಂಡು ಬಂದಿದ್ದನ್ನು, ನಾನಿನ್ನೂ ಶಾಲೆಗೆ ಹೋಗುವಾಗ ಅಪ್ಪ ಕೊಂಡಿದ್ದರು. ಚಳಿ ದೇಶದವರು ಮಾಡಿದ ಗಾಡಿಯಾದ್ದರಿಂದ ಅದಕ್ಕೆ ಹೀಟರ್ ಇತ್ತು. ಇಂಜಿನ್ ಕಾದಾಗ ಅದನ್ನು ಹಚ್ಚಿದರೆ ಅಲ್ಲಿಯ ಬಿಸಿಯಲ್ಲಿ ಸ್ವಲ್ಪ ಭಾಗ ನಮ್ಮ ಮೊಣಕಾಲ ಮೇಲೆ ಬಂದು ಬೀಳುತ್ತಿತ್ತು, ಇಂಜಿನ್ನಿಗೆ ಅಷ್ಟರ ಮಟ್ಟಿಗೆ ಹಗುರ. ಕಾರು ಉಳಿಯಬೇಕೆಂದರೆ ಮನೆಯವರು ಬೇಯಬೇಕು, ಇಷ್ಟೇ ಲೆಕ್ಕ. ಕಾರಿನ ಪರವಾಗಿ ಬೇಯುವುದು ನನಗಂತೂ ದೊಡ್ಡಸ್ತಿಕೆಯ ಸಂಗತಿಯಾಗಿತ್ತು.

ಅಪ್ಪನದು ಲಕ್ಷ್ಮೀ ರಸ್ತೆಯ ಒಳಗಲ್ಲಿಯಲ್ಲಿ ಸೀರೆ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ. ಬಾಗಲಕೋಟೆಯ ಕಡೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತವರು ನಾವು. ಹೊರಗೆ ಮರಾಠಿ, ಹೊಸ್ತಿಲೊಳಗೆ ಕನ್ನಡ. ಲಗ್ನದ ಹಂಗಾಮು ಬಂದು ಬಿಸಿಲು ನೆತ್ತಿ ಸುಡುವಾಗಲೇ ಗಿರಾಕಿಗಳ ಮನೆಗೆ ಸೀರೆಗಂಟು ಒಯ್ಯುವ ಕೆಲಸ ಬೀಳುತ್ತಿತ್ತು. ವರ್ಷವಿಡೀ ಅಂಗಳದಲ್ಲಿ ಹೊದಿಕೆ ಹೊದ್ದು ಮಲಗಿರುತ್ತಿದ್ದ ಕಾರು ಹೊರಗೆ ಬೀಳುತ್ತಿದ್ದದ್ದೂ ಆಗಲೇ. ಸ್ಕೂಟರುಗಳು, ಹೊಗೆ ಕಾರುವ ಸಿಕ್ಸ್ ಸೀಟರ್ ರಿಕ್ಷಾಗಳು, ಸಿಟಿ ಬಸ್ಸುಗಳ ಮಧ್ಯೆ ನಮ್ಮ ಕರಿ ಕಾರು ಹಳೆಯ ಮನೆತನದ ಹೆಂಗಸಿನಂತೆ ಮೆಲ್ಲಗೆ ಸಾಗುತ್ತಿತ್ತು. ಐದು ನಿಮಿಷ ನಿಂತಲ್ಲೇ ನಿಲ್ಲಿಸಿದರೆ ಅದರ ತಲೆ ಕಾಯುತ್ತಿತ್ತು.

ಕಾದಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ಡ್ಯಾಶ್‌ಬೋರ್ಡಿನ ನಡುವೆ ಒಂದು ದುಂಡನೆಯ ಗಾಜಿನೊಳಗೆ ಬಿಳಿ ಮುಳ್ಳು ಇತ್ತು. ಅದು ಅರ್ಧದವರೆಗೆ ಇದ್ದರೆ ಕ್ಷೇಮ. ಅರ್ಧ ದಾಟಿತೆಂದರೆ ಕಿಟಕಿ ಇಳಿಸಬೇಕು. ಮುಕ್ಕಾಲಿಗೆ ಬಂದರೆ ಹೀಟರ್. ಅದರ ಮೇಲೂ ಏರಿದರೆ ಗಾಡಿ ಬದಿಗೆ ಹಾಕಿ, ಬಾನೆಟ್ ಎತ್ತಿ, ಕಾಯುತ್ತ ನಿಲ್ಲಬೇಕು. ಅಪ್ಪನ ಕಣ್ಣು ರಸ್ತೆಯ ಮೇಲೆ, ನನ್ನ ಕಣ್ಣು ಮುಳ್ಳಿನ ಮೇಲೆ.

"ಎಲ್ಲಿಗೆ ಬಂತು, ಯವ್ವಾ?" ಎಂದು ಅಪ್ಪ ಕೇಳುತ್ತಿದ್ದರು.

"ಅರ್ಧಕ್ಕ ಅದ. ಈಗ ಸಣ್ಣಗ ಏರ್ಲಿಕ್ಕತ್ತದ."

"ಹಚ್ಚಲೇನು?"

"ತಡೀ ಅಪ್ಪಾ. ನಾ ಹೇಳ್ತೀನಿ."

ನಾನು ಹೇಳುವ ತನಕ ಅಪ್ಪ ಹೀಟರ್ ಮುಟ್ಟುತ್ತಿರಲಿಲ್ಲ. ಅಂಗಡಿಯಲ್ಲಿ ಎಂತೆಂಥ ಗಿರಾಕಿಗಳಿಗೂ ಮಣಿಯದ ಮನುಷ್ಯ ನನ್ನ ಒಂದು ಮಾತಿಗೆ ಕಾಯುತ್ತ ಕೂತಿರುತ್ತಿದ್ದರು. ಆ ಸುಖ ಎಂಥದ್ದೆಂದು ಬೇರೆಯವರಿಗೆ ತಿಳಿಸಿ ಹೇಳಲು ನನಗೆ ಬರುವುದಿಲ್ಲ. ಒಮ್ಮೆ ಬಾನೆಟ್ಟಿನ ಸಂದಿಯಿಂದ ಉಗಿ ಏಳುತ್ತಿದ್ದಾಗ ಪಕ್ಕದ ರಿಕ್ಷಾದವನು ಬಗ್ಗಿ ನೋಡಿ, "ಕಾಕಾ, ಚಹಾ ಠೇವಲಾ ಕಾ?" ಎಂದು ಕೇಳಿದ. ಚಹಾಕ್ಕೆ ಇಟ್ಟಿದ್ದೀರೇನು ಅಂತ. ಅಪ್ಪ ನಕ್ಕುಬಿಟ್ಟರು, ನಾನು ಆ ರಿಕ್ಷಾದವನನ್ನು ಸುಟ್ಟುಬಿಡುವ ಹಾಗೆ ನೋಡಿದೆ.

ಬಾನೆಟ್ಟಿನೊಳಗಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಅರಿವೆ ಹೊದಿಸುವುದೂ ನನ್ನದೇ ಪಾಲು. ಇಂಜಿನ್ನಿನ ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಅದಕ್ಕೆಂದು ಅಂಗಡಿಯಲ್ಲಿ ಉಳಿದ ಖಣದ ತುಂಡುಗಳನ್ನು ನೀರಿನ ಡಬ್ಬಿಯಲ್ಲಿ ನೆನೆಸಿ ಇಟ್ಟುಕೊಂಡಿರುತ್ತಿದ್ದೆ. ಕುಬಸ ಹೊಲಿಸಿಕೊಳ್ಳಬೇಕಾದ ಖಣ ಪಂಪಿಗೆ ಸುತ್ತಿಕೊಳ್ಳುತ್ತಿತ್ತು. ಅಣ್ಣನಿಗೆ ಇದೆಲ್ಲ ಬೇಕಿರಲಿಲ್ಲ. ಅವನು ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ದಿನವಿಡೀ ಯಂತ್ರಗಳ ಸದ್ದಿನಲ್ಲಿದ್ದು ಬಂದವನಿಗೆ ಮನೆಯಲ್ಲೂ ಇನ್ನೊಂದು ಇಂಜಿನ್ನಿನ ಚಾಕರಿ ಯಾಕೆ? ಹೀಗಾಗಿ ಮುಂದಿನ ಸೀಟಿಗೆ ನನಗೆ ಪೈಪೋಟಿಯೇ ಇರಲಿಲ್ಲ. ಅವ್ವ ಹಿಂದೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಈ ಅಪ್ಪ ಮಗಳಿಗೆ ಹೇಳೋರಿಲ್ಲ ಕೇಳೋರಿಲ್ಲ" ಎಂದು ಬೈಯುತ್ತಿದ್ದಳು. ನಮಗೆ ಅದು ಹೊಗಳಿಕೆಯ ಹಾಗೆ ಕೇಳುತ್ತಿತ್ತು.

ಇನ್ನೊಂದು ಕೆಲಸವೂ ನನ್ನ ಕೈಲಿತ್ತು. ನಮ್ಮ ಮನೆದೇವರು ಮಲ್ಲಯ್ಯ. ಪುಣೆಗೆ ಬಂದ ಮೇಲೆ ಮೈಲಾರ ದೂರವಾಗಿ, ಹತ್ತಿರದ ಜೇಜುರಿಯ ಖಂಡೋಬನಲ್ಲೇ ಅವನನ್ನು ಕಂಡುಕೊಂಡೆವು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಕಾರಿನಲ್ಲಿ ಅಲ್ಲಿಗೆ ಹೋಗುವ ರೂಢಿ. ಜೇಜುರಿಯಲ್ಲಿ ಭಂಡಾರವೆಂದರೆ ಅರಿಷಿಣದ ಪುಡಿ. ಹಣೆಗೂ ಅದೇ, ಗಾಳಿಗೆ ತೂರುವುದೂ ಅದೇ, ಕಟ್ಟಿಕೊಂಡು ಮನೆಗೆ ತರುವುದೂ ಅದೇ. ಒಂದು ವರ್ಷ ಬರುವ ದಾರಿಯಲ್ಲಿ ಸಾಸವಡದ ಹತ್ತಿರ ರೇಡಿಯೇಟರಿನಿಂದ ನೀರು ತೊಟ್ಟಿಕ್ಕತೊಡಗಿತು. ಒಬ್ಬ ಟ್ರಕ್ಕಿನವನು ನಿಲ್ಲಿಸಿ ನೋಡಿ, ಒಳಗೆ ಅರಿಷಿಣದ ಪುಡಿ ಹಾಕಿರಿ, ತೂತು ಮುಚ್ಚಿಕೊಳ್ಳುತ್ತದೆ ಎಂದ. ನಮ್ಮಲ್ಲಿ ಇದ್ದದ್ದು ದೇವರ ಭಂಡಾರವೊಂದೇ. ಅವ್ವ ಬೇಡವೇ ಬೇಡ ಎಂದಳು. ಗಾಡಿ ಆರಿದ ಮೇಲೆ ಅಪ್ಪ ಕಣ್ಣು ಮುಚ್ಚಿ ಮಲ್ಲಯ್ಯನಿಗೆ "ಏಳಕೋಟಿ" ಅಂದು, ನನ್ನ ಕೈಯಿಂದ ಒಂದು ಹಿಡಿ ಭಂಡಾರ ರೇಡಿಯೇಟರಿನ ಬಾಯಿಗೆ ಹಾಕಿಸಿದರು. ಸೋರುವುದು ನಿಂತಿತು!

ಅಂದಿನಿಂದ ಅದೊಂದು ವ್ರತವೇ ಆಯಿತು. ಸೋರಲಿ ಬಿಡಲಿ, ಪ್ರತಿ ವರ್ಷ ದರ್ಶನ ಮುಗಿಸಿ ಮೆಟ್ಟಿಲಿಳಿದು ಬಂದ ಕೂಡಲೇ ಅಪ್ಪ ರೇಡಿಯೇಟರಿನ ಮುಚ್ಚಳ ತಿರುಗಿಸುವುದು, ನಾನು ಚಿಟಿಕೆಯೋ ಹಿಡಿಯೋ ಭಂಡಾರ ಒಳಗೆ ಬಿಡುವುದು. ಮಲ್ಲಯ್ಯ ಒಳಗೆ ಕೂತು ಇಂಜಿನ್ ಕಾಯುತ್ತಾನೆ ಎಂದು ಅಪ್ಪ ಹೇಳುತ್ತಿದ್ದರು. ದೇವರನ್ನು ಒಳಗೆ ಕೂಡಿಸುವ ಕೈ ನನ್ನದು ಎಂಬ ಜಂಬ ನನಗೆ. ಕಾಲೇಜು ಮುಗಿಸಿ, ಒಂದು ಆಫೀಸಿನಲ್ಲಿ ಕಾರಕೂನಳಾದ ಮೇಲೂ ಆ ಜಂಬ ಇಳಿದಿರಲಿಲ್ಲ.

ತೊಂಬತ್ತರ ದಶಕದ ನಡುವೆ ಅಣ್ಣನ ಲಗ್ನವಾಯಿತು. ಅತ್ತಿಗೆ, ನಮ್ಮ ಮಾತಿನಲ್ಲಿ ವೈನಿ, ಹುಬ್ಬಳ್ಳಿಯವಳು. ಅವಳ ತವರಿನಲ್ಲಿ ಲಾರಿಗಳಿದ್ದವು. ಲಾರಿ ಮನೆತನ ಎಂದು ಕೇಳಿದಾಗಲೇ ನನಗೆ ಯಾಕೋ ಸರಿಬರಲಿಲ್ಲ. ನೋಡಲು ಚೆಲುವೆ, ಮಾತಿನಲ್ಲಿ ಚುರುಕು, ಅಡಿಗೆಯಲ್ಲೂ ಕೈ ಒಳ್ಳೆಯದು. ಅದೆಲ್ಲ ಇರಲಿ, ಅದರ ಬಗ್ಗೆ ನನಗೆ ಏನೂ ತಕರಾರಿರಲಿಲ್ಲ. ಅವಳು ಬಂದ ಮಾರನೆಯ ದಿನ ಅಂಗಳಕ್ಕೆ ಹೋಗಿ, ಕಾರಿನ ಹೊದಿಕೆ ಸರಿಸಿ, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತದ್ದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ನೋಡಿದೆ. ಅವಳು ಒಳಗೆ ಬಂದ ಮೇಲೆ ನಾನು ಹೋಗಿ ಹೊದಿಕೆಯನ್ನು ಮತ್ತೆ ಎಳೆದು ಹೊದಿಸಿದೆ.

ಹೊಸ ಜೋಡಿಯನ್ನು ಜೇಜುರಿಗೆ ಕರೆದೊಯ್ಯಬೇಕು. ಹೊರಟೆವು. ನಾನು ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಸೀಟಿನಲ್ಲಿ ಕೂತಿದ್ದೆ. ಬಿಸಿಲಿಗೆ ಸೀಟು ಹೆಂಚಿನಂತೆ ಕಾದಿದ್ದರೂ ಏಳಲಿಲ್ಲ. ಹಿಂದೆ ಅವ್ವ, ಅಣ್ಣ, ವೈನಿ. ಹಡಪಸರದಲ್ಲಿ ಲಾರಿಯೊಂದು ಅಡ್ಡ ನಿಂತು ರಸ್ತೆ ಪೂರ್ತಿ ಕಟ್ಟಿಕೊಂಡಿತ್ತು, ನಮ್ಮ ಮುಂದೆ ಒಂದು ಬಸ್ಸು. ಮುಳ್ಳು ಮುಕ್ಕಾಲಿಗೆ ಬಂತು. "ಹಚ್ಚು ಅಪ್ಪಾ" ಅಂದೆ. ಹೀಟರಿನ ಬಿಸಿಗಾಳಿ ಒಳಗೆ ನುಗ್ಗಿತು. ಜರಿ ಸೀರೆ, ಮುಡಿ ತುಂಬ ಹೂವು, ಮೈತುಂಬ ಒಡವೆ ಹೇರಿಕೊಂಡ ಮದುಮಗಳು ಈಗ ಮುಖ ಕಿವುಚುತ್ತಾಳೆ, ಇದೇನು ಹುಚ್ಚಾಟ ಎಂದು ಅಣ್ಣನ ಕಿವಿಯಲ್ಲಿ ಪಿಸುಗುಡುತ್ತಾಳೆ ಎಂದು ಆಸೆಯಿಂದ ಕಾದೆ. ಹಿಂದಿನಿಂದ ದನಿ ಬಂತು.

"ಹೀಟರ್ ಹಚ್ಚೀರೇನ್ರಿ ಮಾವಾರ? ಛಲೋ ಮಾಡಿದ್ರಿ. ಆದ್ರ ಬಸ್ಸಿನ ಬೆನ್ನಿಗೆ ಹತ್ತಬ್ಯಾಡ್ರಿ, ಅದರ ಬಿಸಿ ಹೊಗಿ ಎಲ್ಲಾ ನಮ್ಮ ಜಾಳಿಗಿಗೆ ಬಡೀತದ. ಒಂಚೂರು ಜಾಗಾ ಬಿಡ್ರಿ. ನ್ಯೂಟ್ರಲ್‌ನ್ಯಾಗ ಹಾಕಿ ಸಣ್ಣಗ ರೇಸ್ ಕೊಡ್ರಿ, ಫ್ಯಾನ್ ಜೋರ್ ತಿರಗ್ತದ."

ಮಾವನಿಗೆ ಗಾಡಿ ಹೊಡೆಯಲು ಹೇಳಿಕೊಡುವ ಮದುಮಗಳನ್ನು ನಮ್ಮ ಬಳಗದಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪ ಈಗ ಗದರುತ್ತಾರೆ ಎಂದುಕೊಂಡೆ. ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದರು. ಗಾಡಿಯನ್ನು ಸ್ವಲ್ಪ ಹಿಂದೆ ಬಿಟ್ಟುಕೊಂಡರು, ನ್ಯೂಟ್ರಲ್‌ಗೆ ಹಾಕಿದರು, ಕಾಲಿನಿಂದ ಮೆತ್ತಗೆ ರೇಸ್ ಕೊಟ್ಟರು. ಮುಳ್ಳು ಇಳಿಯತೊಡಗಿತು.

"ಎಲ್ಲಿಗೆ ಬಂತು, ಯವ್ವಾ?" ಎಂದು ಅಪ್ಪ ನನ್ನನ್ನು ಕೇಳಿದರು.

ಇಳಿದಿದೆ ಎಂದು ನನ್ನ ಬಾಯಿಂದಲೇ ಹೇಳಬೇಕಾಯಿತು. ಆ ಒಂದು ಮಾತು ಹೇಳಿದ ನನ್ನ ದನಿ ಕೇಳಿ, ಬಾಯಾರಿದೆಯೆಂದುಕೊಂಡು ಅವ್ವ ಹಿಂದಿನಿಂದ ನೀರಿನ ತಂಬಿಗೆ ಚಾಚಿದಳು.

ಜೇಜುರಿಯಲ್ಲಿ ಅದಕ್ಕಿಂತ ಹೆಚ್ಚಿನದು ಕಾದಿತ್ತು. ಅಲ್ಲಿ ಹೊಸದಾಗಿ ಲಗ್ನವಾದ ಗಂಡಸು ತನ್ನ ಹೆಂಡತಿಯನ್ನು ಎತ್ತಿಕೊಂಡು ಒಂದಷ್ಟು ಮೆಟ್ಟಿಲು ಹತ್ತುವ ಪದ್ಧತಿ. ಅಣ್ಣ ಹತ್ತಿದ, ಎಲ್ಲರೂ ನಕ್ಕರು, ದರ್ಶನವಾಯಿತು. ತಲೆಯಿಂದ ಕಾಲಿನ ತನಕ ಹಳದಿಯಾಗಿ ಇಳಿದು ಬಂದೆವು. ಅಪ್ಪ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ನಾನು ಆಗಲೇ ಭಂಡಾರದ ಪೊಟ್ಟಣ ಬಿಚ್ಚಿ ಬೆರಳಲ್ಲಿ ಹಿಡಿದಿದ್ದೆ. ಅಪ್ಪ ನನ್ನನ್ನು ದಾಟಿ ನೋಡಿ, "ಈ ಸಲ ನಮ್ಮ ಸೊಸಿ ಹಾಕಲಿ. ಮನಿಗೆ ಬಂದ ಲಕ್ಷ್ಮೀ" ಅಂದರು.

ನಾನು ಪೊಟ್ಟಣವನ್ನು ಅವಳ ಕೈಗೆ ಕೊಟ್ಟೆ. ಕೊಟ್ಟೆ ಎಂದು ಬರೆದುಬಿಟ್ಟೆ, ನಿಜವಾಗಿ ಅವ್ವ ನನ್ನ ಬೆರಳುಗಳಿಂದ ಬಿಡಿಸಿ ಕೊಟ್ಟಳು. ವೈನಿ ರೇಡಿಯೇಟರಿನ ಬಾಯಿಗೆ ಬಗ್ಗಿ ನೋಡಿದಳು, ಮೂಸಿದಳು. ಆಮೇಲೆ ಒಂದು ಚಿಟಿಕೆ ಭಂಡಾರ ತೆಗೆದು, ಒಳಗೆ ಹಾಕದೆ, ರೇಡಿಯೇಟರಿನ ಹೊರಮೈಗೆ ಹಣೆಗೆ ಹಚ್ಚಿದ ಹಾಗೆ ಹಚ್ಚಿ ಕೈಮುಗಿದಳು.

"ಒಳಗ ಹಾಕೋ ಪದ್ಧತಿ ಅದ" ಎಂದು ಅವ್ವ ಬಿಗುಮಾನದಿಂದ ಹೇಳಿದಳು.

"ಮಲ್ಲಯ್ಯ ಹೊರಗ ನಿಂತ್ರೂ ಕಾಯ್ತಾನ್ರಿ ಅತ್ತಿ. ಒಳಗ ಹೋದ್ರ ಪಾಪ ಅವಗೂ ಕುದೀತದಲ್ರಿ" ಅಂದಳು ವೈನಿ.

ಅಪ್ಪ ನಕ್ಕರು. ಅಂಥ ನಗೆ! ಅಂಗಡಿಯಲ್ಲಿಲ್ಲ, ಮನೆಯಲ್ಲಿಲ್ಲ, ನನ್ನ ಯಾವ ಮಾತಿಗೂ ಅಪ್ಪ ಹಾಗೆ ಬಾನೆಟ್ ಹಿಡಿದುಕೊಂಡು ನಕ್ಕದ್ದು ನನಗೆ ನೆನಪಿಲ್ಲ. ನಗುನಗುತ್ತಲೇ ಮುಚ್ಚಳ ಹಾಕಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನ ವ್ರತವನ್ನು ಕಿತ್ತು ಬದಿಗಿಟ್ಟಳಲ್ಲ ಈ ಹುಬ್ಬಳ್ಳಿಯವಳು ಎಂದು ನನಗೆ ಮೈಯೆಲ್ಲ ಉರಿಯಿತು.

ಆ ದಿನದ ಅವಮಾನಕ್ಕೆ ಅಷ್ಟೇ ಸಾಲದಾಗಿತ್ತೇನೋ. ಬರುವಾಗ ಅಪ್ಪ ಸೊಂಟ ಹಿಡಿದುಕೊಂಡರು. ಮೆಟ್ಟಿಲು ಹತ್ತಿದ್ದು ಹೆಚ್ಚಾಯಿತು ಎಂದರು. "ಗಾಡಿ ಹೊಡೀಲಿಕ್ಕೆ ಬರ್ತದೇನವ್ವಾ?" ಎಂದು ವೈನಿಯನ್ನು ಕೇಳಿದರು. ಬರ್ತದ್ರಿ ಎಂದಳು. ಘಾಟಿನ ತಲೆಯ ತನಕ ನೀ ಹೊಡಿ, ಇಳಿಜಾರಿನಾಗ ನಾ ತೊಗೋತೀನಿ ಎಂದು ಹೇಳಿ ಅಪ್ಪ ಹಿಂದಿನ ಬಾಗಿಲು ತೆರೆದು ಕೂತರು. ಅಣ್ಣನ ಕೈಗೂ ಕೊಡದ ಸ್ಟಿಯರಿಂಗು! ನಾನಂತೂ ಎಂದೂ ಕೇಳಿಯೇ ಇರಲಿಲ್ಲ, ಕೇಳಬಹುದು ಎಂಬುದೇ ಹೊಳೆದಿರಲಿಲ್ಲ. ನಾನು ಮುಂದಿನ ಸೀಟು ಬಿಡಲಿಲ್ಲ. ವೈನಿಯ ಪಕ್ಕದಲ್ಲಿ ಕೂತು ಮುಳ್ಳನ್ನೇ ನೋಡುತ್ತ, ಏರು, ಏರು, ಒಂದು ಸಲ ಏರಿ ಇವಳ ಮಾನ ಕಳೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸಂಜೆಯ ತಂಗಾಳಿ ಎದುರಿನಿಂದ ಬೀಸುತ್ತಿತ್ತು, ರಸ್ತೆ ಖಾಲಿ, ಮುಳ್ಳು ಅರ್ಧಕ್ಕೂ ಬರದೆ ಸುಮ್ಮನೆ ಕೂತಿತ್ತು. ಅವಳು ಗೇರು ಬದಲಿಸಿದ್ದು ಗೊತ್ತೇ ಆಗುತ್ತಿರಲಿಲ್ಲ. ತಿರುಗಿ ನೋಡಿದರೆ ಅಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದರು. ನಾನು ಮುಳ್ಳು ಕಾಯುವಾಗ ಅಪ್ಪ ಒಂದು ದಿನವೂ ಕಣ್ಣು ಮುಚ್ಚಿದವರಲ್ಲ.

ಆಮೇಲಿನ ಎರಡು ಮೂರು ಬೇಸಿಗೆ ನಾನು ಆ ಸೀಟಿಗೆ ಅಂಟಿಕೊಂಡೇ ಕೂತೆ. ಅಪ್ಪ ಗಂಟು ಒಯ್ಯಲು ಹೊರಟರೆಂದರೆ ಆಫೀಸಿನಿಂದ ಬಂದವಳು ಕೈಕಾಲು ತೊಳೆಯದೆ ಹೊರಡುತ್ತಿದ್ದೆ. ವೈನಿ ಎಂದೂ ಮುಂದೆ ಕೂರುತ್ತೇನೆ ಎನ್ನಲಿಲ್ಲ. ಅನ್ನದೆ ಇದ್ದದ್ದೂ ನನಗೆ ಅವಳ ಹುಷಾರಿಯ ಹಾಗೆ ಕಂಡಿತು. ಆದರೆ ಸಾಯಂಕಾಲ ಚಹಾ ಕುಡಿಯುತ್ತ ಅಪ್ಪ ಅವಳ ಜೊತೆ ಗಾಡಿಯ ಮಾತನ್ನೇ ಆಡುತ್ತಿದ್ದರು. ಅವಳು ಬಿಟ್ಟೂಬಿಡದೆ ಒಂದೇ ಮಾತು ಹೇಳುತ್ತಿದ್ದಳು: "ರೇಡಿಯೇಟರ್ ಬಿಚ್ಚಿಸಿ ಒಳಗ ತೊಳಿಸಬೇಕ್ರಿ ಮಾವಾರ. ನಳಿಗಿ ಕಟ್ಟ್ಯಾವ. ಅದಕ್ಕss ಇಷ್ಟು ಕಾಯ್ತದ."

"ಮುಂದಿನ ವರ್ಷ ನೋಡೋಣು" ಎಂದು ಅಪ್ಪ ಪ್ರತಿ ಸಲ ಅದನ್ನು ತೇಲಿಸಿಬಿಡುತ್ತಿದ್ದರು. ಆಗ ನನಗೆ ಸ್ವರ್ಗ. ನೋಡು, ಅಪ್ಪ ನಿನ್ನ ಮಾತು ಎಲ್ಲವನ್ನೂ ಕೇಳುವುದಿಲ್ಲ ಎಂದು ಅವಳ ಮುಖವನ್ನೇ ನೋಡುತ್ತ ಚಹಾದ ಬಟ್ಟಲು ಎತ್ತಿಡುತ್ತಿದ್ದೆ.

ನನ್ನ ಲಗ್ನ ಒಂದು ಮಾಘದಲ್ಲಿ ಆಯಿತು. ಗಂಡನ ಮನೆ ಚಿಂಚವಾಡದಲ್ಲಿ, ಅಂದರೆ ಅದೇ ಊರಿನ ಇನ್ನೊಂದು ತುದಿ. ಬೇಸಿಗೆಗೆ ಅಪ್ಪ ನಮ್ಮಿಬ್ಬರನ್ನೂ ಜೇಜುರಿಗೆಂದು ಕರೆದರು. ನಾನು ರೂಢಿಯಂತೆ ಮುಂದಿನ ಬಾಗಿಲಿಗೆ ಕೈಹಾಕಿದೆ.

"ಏ, ಹಿಂದ ಕೂಡು. ಗಂಡನ್ನ ಒಬ್ಬನ್ನ ಹಿಂದ ಕೂಡಿಸಿ ಮುಂದ ಕೂಡ್ತಾಳ" ಎಂದು ಅವ್ವ ಗದರಿದಳು.

ಅಣ್ಣನಿಗೆ ಆ ದಿನ ಕೆಲಸವಿತ್ತು. ಹಿಂದೆ ಅವ್ವ, ನಾನು, ನಮ್ಮವರು. ಮುಂದೆ ಅಪ್ಪನ ಪಕ್ಕದಲ್ಲಿ ವೈನಿ ಕೂತಳು. ನಮ್ಮವರು ಏನೋ ಹೇಳುತ್ತಿದ್ದರು. ನನಗೆ ಕೇಳಿಸಿದ್ದು ಮುಂದಿನ ಬಾಗಿಲು ಮುಚ್ಚಿಕೊಂಡ ಸಪ್ಪಳ ಮಾತ್ರ.

ಹಡಪಸರದಲ್ಲಿ ಎಂದಿನಂತೆ ಸಿಕ್ಕಿಬಿದ್ದೆವು. ನನ್ನ ಜೀವ ತಡೆಯಲಿಲ್ಲ. ಎರಡೂ ಸೀಟುಗಳ ನಡುವೆ ತಲೆ ತೂರಿಸಿ ಮುಳ್ಳನ್ನು ನೋಡಿದೆ. ಅರ್ಧಕ್ಕಿಂತ ಕೆಳಗೆ ಇತ್ತು. ಕಾದೆ. ಮುಂದಿನ ಬಸ್ಸು ಕದಲಲಿಲ್ಲ, ಮುಳ್ಳೂ ಕದಲಲಿಲ್ಲ.

"ಅಪ್ಪಾ, ಹೀಟರ್ ಹಚ್ಚಬೇಕೇನು?" ಎಂದೆ.

"ಬ್ಯಾಡವ್ವಾ. ಈಗ ಅದು ಬೇಕss ಆಗೂದಿಲ್ಲ" ಎಂದರು ಅಪ್ಪ. ಆಮೇಲೆ ದೊಡ್ಡ ದನಿಯಲ್ಲಿ, ನಮ್ಮವರಿಗೂ ಕೇಳಲೆಂದು, ಕತೆ ಹೇಳಿದರು. ರೇಡಿಯೇಟರ್ ಬಿಚ್ಚಿಸಿದರಂತೆ. ಒಳಗಿನ ನಳಿಗೆಗಳ ತುಂಬ ಅರಿಷಿಣ, ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತಂತೆ. ಕಡ್ಡಿ ಹಾಕಿ ಕೆರೆದು ಕೆರೆದು ತೆಗೆದರಂತೆ. ಎಷ್ಟೋ ವರ್ಷದ ಪ್ರಸಾದ ಎಲ್ಲ ಅಲ್ಲೇ ಇತ್ತಂತೆ. ಅಪ್ಪ ಅರ್ಧ ಹೇಳಿದರೆ ವೈನಿ ಇನ್ನರ್ಧ ಹೇಳುತ್ತಿದ್ದಳು, ಇಬ್ಬರೂ ಸೇರಿ ನಗುತ್ತಿದ್ದರು. ನಮ್ಮವರೂ ನಕ್ಕರು. "ಹಂಗಂದ್ರ ಕಾಯ್ತಿದ್ದದ್ದss ಅರಿಷಿಣದಿಂದ ಅನ್ರಿ" ಎಂದರು.

ಅದು ನನಗೂ ಆಗಲೇ ಹೊಳೆದಿತ್ತು. ಇಷ್ಟು ವರ್ಷ ನಾನು ಮುಳ್ಳು ಕಾದದ್ದು, ಬೆಂದದ್ದು, ಖಣ ನೆನೆಸಿದ್ದು, ನನ್ನ ಇಡೀ ಅಧಿಕಾರ ನಡೆದದ್ದು ಆ ಅರಿಷಿಣದ ಮೇಲೆ. ಈಗ ಅದನ್ನು ಕೆರೆದು ಚೆಲ್ಲಿದ್ದರು. ಇನ್ನು ಯಾರೂ ಯಾರನ್ನೂ ಎಲ್ಲಿಗೆ ಬಂತು ಎಂದು ಕೇಳಬೇಕಾಗಿರಲಿಲ್ಲ.

"ಯಾವಾಗ ಬಿಚ್ಚಿಸಿದ್ರಿ?" ಎಂದು ಕೇಳಿದೆ.

"ನಿನ್ನ ಲಗ್ನದ ಹಂದರ ಬಿಚ್ಚಿದ ವಾರನss" ಅಂದರು ಅಪ್ಪ.

ನಾನು ತಲೆ ಹಿಂದಕ್ಕೆ ಎಳೆದುಕೊಂಡೆ. ನಾನು ಮನೆ ಬಿಟ್ಟದ್ದೇ ತಡ! ಅಷ್ಟು ವರ್ಷ ಮುಂದಿನ ವರ್ಷ, ಮುಂದಿನ ವರ್ಷ ಎಂದ ಮನುಷ್ಯ ನನ್ನನ್ನು ಸಾಗಹಾಕಿದ ಕೂಡಲೇ ಅವಳ ಮಾತು ಕೇಳಿದರಲ್ಲ ಎಂದು ಕಣ್ಣಲ್ಲಿ ನೀರು ಬಂತು. ಸೆಕೆ ಎಂದು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡೆ. ಜೇಜುರಿಯಲ್ಲಿ ನಮ್ಮವರು ನನ್ನನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದಾಗಲೂ ನಾನು ಅವರ ಹೆಗಲ ಮೇಲಿಂದ ಕೆಳಗೆ ನೋಡುತ್ತಿದ್ದೆ. ಕಾರಿನ ನೆರಳಲ್ಲಿ ಅಪ್ಪ ಮತ್ತು ವೈನಿ ಒಂದೇ ಕಲ್ಲಂಗಡಿ ಹಣ್ಣನ್ನು ಹಂಚಿಕೊಂಡು ತಿನ್ನುತ್ತಿದ್ದರು.

ಇದನ್ನು ನಾನು ಮರೆತೆ ಎಂದು ಯಾರೂ ತಿಳಿಯಬಾರದು. ಎರಡು ಮಕ್ಕಳಾದವು, ನಮ್ಮದೊಂದು ಸಣ್ಣ ಕಾರು ಬಂತು. ಅದರಲ್ಲಿ ಎಸಿ ಇತ್ತು, ಮುಳ್ಳನ್ನು ನೋಡುವ ಕೆಲಸವೇ ಇರಲಿಲ್ಲ. ತವರಿಗೆ ಹೋದಾಗಲೆಲ್ಲ ಅಂಗಳದಲ್ಲಿ ಕರಿ ಕಾರು ಫಳಫಳ ಹೊಳೆಯುತ್ತಿತ್ತು. ಅಪ್ಪನ ಕಣ್ಣು ಮಂಜಾದ ಮೇಲೆ ವೈನಿಯೇ ಓಡಿಸುತ್ತಿದ್ದಳು. ಅಪ್ಪ ಅವಳ ಪಕ್ಕದಲ್ಲಿ, ನಾನು ಕೂರುತ್ತಿದ್ದ ಸೀಟಿನಲ್ಲಿ, ಕೂತು ಊರೆಲ್ಲ ಸುತ್ತಿ ಬರುತ್ತಿದ್ದರು. ನನ್ನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ನನ್ನ ಮಕ್ಕಳ ಶಾಲೆ, ನಮ್ಮವರ ನೌಕರಿ, ಎಲ್ಲ ಕೇಳುತ್ತಿದ್ದರು. ನಾನು ಬಂದುಹೋಗುವ ಮಗಳಾಗಿದ್ದೆ, ಅವಳು ದಿನದ ಮಗಳಾಗಿದ್ದಳು.

ಅಪ್ಪ ಒಂದು ಮಳೆಗಾಲದಲ್ಲಿ, ಹೆಚ್ಚು ದಿನ ಮಲಗದೆ ಹೋದರು. ಕಾರು ಯಾರಿಗೆ ಎಂಬ ಮಾತು ಬಂದಾಗ ಅಣ್ಣ ನನ್ನ ಮುಖ ನೋಡಿದ. ನಮ್ಮ ಚಿಂಚವಾಡದ ಕಟ್ಟಡದಲ್ಲಿ ಒಂದು ಕಾರು ನಿಲ್ಲಿಸುವಷ್ಟೇ ಜಾಗ. ನಾನು ಬೇಡ ಎಂದೆ. ಬೇಡ ಎಂದವಳು ಮನೆಗೆ ಬಂದು, ಒಂದು ಸಲವೂ ಒತ್ತಾಯ ಮಾಡಲಿಲ್ಲ ನೋಡ್ರಿ ಅವರು ಎಂದು ನಮ್ಮವರ ಎದುರು ಅತ್ತೆ.

ಮರುವರ್ಷ ಮೇ ತಿಂಗಳಲ್ಲಿ ವೈನಿ ಫೋನು ಮಾಡಿದಳು. ಜೇಜುರಿಗೆ ಹೋಗೋಣ, ನಾವಿಬ್ಬರೇ, ಅಪ್ಪನ ಹೆಸರಲ್ಲಿ ಭಂಡಾರ ತೂರಿ ಬರೋಣ ಎಂದಳು. ಹೋದೆ. ಆಗ ಹಡಪಸರದಲ್ಲಿ ಮೇಲ್ಸೇತುವೆಯ ಕೆಲಸ ನಡೆದಿತ್ತು. ರಸ್ತೆ ಅರ್ಧ ಅಗೆದು ಹಾಕಿದ್ದರು. ಸುತ್ತಲೂ ಗಾಜು ಏರಿಸಿಕೊಂಡು ತಣ್ಣಗೆ ಕೂತ ಕಾರುಗಳು, ನಡುವೆ ಕಿಟಕಿ ಇಳಿಸಿಕೊಂಡು ನಾವಿಬ್ಬರು. ಒಬ್ಬ ಹುಡುಗ ಬೈಕಿನ ಮೇಲೆ ಕೂತಲ್ಲಿಂದಲೇ ಮೊಬೈಲಿನಲ್ಲಿ ನಮ್ಮ ಕಾರಿನ ಫೋಟೋ ತೆಗೆದುಕೊಂಡ. ಗಾಡಿ ನಿಂತು ಬಹಳ ಹೊತ್ತಾಗಿತ್ತು. ವೈನಿ ಮುಂದಿನ ಬಸ್ಸಿಗೆ ಜಾಗ ಬಿಟ್ಟು, ನ್ಯೂಟ್ರಲ್‌ನಲ್ಲಿ ಸಣ್ಣಗೆ ರೇಸ್ ಕೊಡುತ್ತ, ಸ್ಟಿಯರಿಂಗಿನ ಮೇಲೆ ಬೆರಳಿಂದ ತಾಳ ಹಾಕುತ್ತಿದ್ದಳು. ಅಪ್ಪನೂ ಹಾಗೆಯೇ ತಾಳ ಹಾಕುತ್ತಿದ್ದರು. ಅದನ್ನು ಕಂಡದ್ದೇ ನನ್ನ ನಾಲಿಗೆ ಹಿಡಿತ ತಪ್ಪಿತು.

"ವೈನಿ, ಒಂದ್ ಕೇಳ್ತೀನಿ. ನಾ ಹೊಸ್ತಿಲಾ ದಾಟೋದss ಕಾಯ್ಲಿಕ್ಕತ್ತಿದ್ರೇನ್ ನೀವು? ಹಂದರ ಬಿಚ್ಚಿದ ವಾರನss ರೇಡಿಯೇಟರ್ ಬಿಚ್ಚಿಸಿದ್ರಿ" ಅಂದೆ.

ಅವಳು ನನ್ನನ್ನು ತಿರುಗಿ ನೋಡಿದಳು. ಸಿಟ್ಟು ಬಂದ ಹಾಗೆ ಕಾಣಲಿಲ್ಲ.

"ನಾ ಕಾದಿಲ್ಲವ್ವಾ. ಮಾವಾರು ಕಾದ್ರು" ಅಂದಳು.

"ಅಂದ್ರ?"

"ನಾ ಈ ಮನಿಗೆ ಬರೋಕಿನ್ನ ಮೊದಲss ಗ್ಯಾರೇಜಿನಾಂವ ಅವರಿಗೆ ಹೇಳಿದ್ನಂತ, ಅರಿಷಿಣ ಕಟ್ಟ್ಯದ, ಬಿಚ್ಚಿಸಿ ತೊಳಸ್ರಿ ಅಂತ. ಇವರು ತೊಳಿಸಿರ್ಲಿಲ್ಲ. ಯಾಕ್ರಿ ಮಾವಾರ ಅಂತ ನಾ ಒಮ್ಮೆ ಭಾಳ ಗಂಟುಬಿದ್ದು ಕೇಳ್ದೆ. 'ಮುಳ್ಳು ಸುಮ್ಮನ ಕೂತ್ರ ಆಕಿ ಯಾಕ ಬರ್ತಾಳವ್ವಾ ನನ್ನ ಜೋಡಿ? ಕಲ್ತ ಹುಡುಗಿ, ಕೈಯಾಗ ನೌಕರಿ ಅದ. ಮುದುಕನ ಜೋಡಿ ಗಂಟು ಹೊತ್ಕೊಂಡು ಗಲ್ಲಿ ಗಲ್ಲಿ ತಿರಗ್ತಾಳೇನು? ಕಾಯ್ಲಿ ಬಿಡು ಗಾಡಿ. ಆಕಿ ಲಗ್ನ ಆಗಿ ಹೋಗಲಿ, ಆಮ್ಯಾಲ ಬಿಚ್ಚಸೋಣು' ಅಂದ್ರು."

ಮುಂದಿನ ಬಸ್ಸು ಒಂದು ಮಾರು ಸರಿದು ಮತ್ತೆ ನಿಂತಿತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ವೈನಿ ಗಾಡಿಯನ್ನು ಅಷ್ಟು ದೂರ ಮುಂದೆ ಬಿಟ್ಟು ಮತ್ತೆ ನಿಲ್ಲಿಸಿದಳು. ನಾನು ಅಳುತ್ತಿದ್ದೆ, ಈ ಸಲ ಸೆಕೆ ಎಂದು ಹೇಳಲೂ ಇಲ್ಲ. ಅಪ್ಪ ನನಗಾಗಿ ಅಷ್ಟು ಬೇಸಿಗೆ ಬೆಂದಿದ್ದರು. ಮೊಣಕಾಲ ಮೇಲೆ ಬಿಸಿಗಾಳಿ ಹಾಕಿಕೊಂಡು, ಕೊರಳಿಗೆ ಒದ್ದೆ ವಸ್ತ್ರ ಸುತ್ತಿಕೊಂಡು, ಹಚ್ಚಲೇನು ಎಂದು ನನ್ನನ್ನು ಕೇಳುತ್ತ ಕೂತಿದ್ದರು.

"ಇದನ್ನ ನಿಮಗ ಯಾವಾಗ ಹೇಳಿದ್ರು?" ಎಂದು ಕೇಳಿದೆ.

"ನಾ ಬಂದ ವರ್ಷನss. ಒಂದಿನ ಚಹಾ ಕುಡೀವಾಗ. ಆದ್ರೂ ಗಾಡಿ ಕೆಡ್ತದಂತ ತೊಳಸ್ರಿ ಅನ್ನೂದು ನಾ ಬಿಡ್ಲಿಲ್ಲ. ನಿನಗ ಹೇಳಬ್ಯಾಡ ಅಂದಿದ್ರು."

ಅವಳು ಬಂದ ವರ್ಷ. ಅಂದರೆ ಆಗ ಅವಳು ಆ ಮನೆಗೆ ಹೊಸಬಳು, ನಾನು ಅದೇ ಮನೆಯಲ್ಲಿ, ಗೋಡೆಯ ಆಚೆ, ಬಟ್ಟಲು ತೊಳೆಯುತ್ತಿದ್ದಿರಬೇಕು. ನಾನು ಇಲ್ಲದಿದ್ದರೆ ತನಗೆ ಸರಿಬಾರದು ಎಂಬ ಆ ಒಂದು ಮಾತನ್ನು ಅಪ್ಪ ಬಾಯಿಬಿಟ್ಟು ಆಡಿದ್ದು ಇಡೀ ಜನ್ಮದಲ್ಲಿ ಒಂದೇ ಸಲ. ಅದನ್ನೂ ಅವಳಿಗೇ ಹೇಳಿದರು.